ಜನಗಣತಿಯಲ್ಲಿ ನಮ್ಮ ಭಾಗದ ದುಡಿಮೆ ಬಿಟ್ಟುಹೋಗದಿರಲಿ

ಮಾನ್ಯ ಸಂಪಾದಕರೇ,

ಮುಂದಿನ ಜನಗಣತಿ ಎಂದಕೂಡಲೇ ಊರ ಕಟ್ಟೆಯಿಂದ ಟಿ.ವಿ. ಚರ್ಚೆಯವರೆಗೆ ಎಲ್ಲೆಡೆ ಜಾತಿ ಕಾಲಮ್ಮಿನದೇ ಮಾತು. ಅದು ಬೇಕಾದ ಚರ್ಚೆಯೇ. ಆದರೆ ಗಣತಿದಾರರು ದುಡಿಮೆಯ ಬಗ್ಗೆಯೂ ಕೇಳುತ್ತಾರೆ. ಕಲಬುರಗಿ, ಬೀದರ್, ಯಾದಗಿರಿಯಂಥ ಒಣಬೇಸಾಯದ ಜಿಲ್ಲೆಗಳಲ್ಲಿ ತಪ್ಪು ಉತ್ತರ ಬೀಳಲು ಆ ಪ್ರಶ್ನೆಯಲ್ಲಿರುವಷ್ಟು ದಾರಿಗಳು ಬೇರೆ ಯಾವುದರಲ್ಲೂ ಇಲ್ಲ. ಮನೆಪಟ್ಟಿಯ ಹಂತದಲ್ಲಿ ಗೋಡೆ, ಛಾವಣಿ, ನೀರು, ಶೌಚಾಲಯದ ವಿಚಾರ ಕೇಳುತ್ತಾರೆ. ವ್ಯಕ್ತಿ ವ್ಯಕ್ತಿಯ ದುಡಿಮೆ ಕೇಳುವುದು ಎರಡನೇ ಹಂತದಲ್ಲಿ, ಅಂದರೆ 2027ರ ಫೆಬ್ರವರಿಯಲ್ಲಿ. ಅಷ್ಟರೊಳಗೆ ಗಣತಿದಾರರಿಗೂ ಮನೆಯವರಿಗೂ ಗೊತ್ತಿರಬೇಕಾದ ಕೆಲವು ಸಂಗತಿಗಳನ್ನು ನಿಮ್ಮ ಪತ್ರಿಕೆಯ ಮೂಲಕ ಮುಂದಿಡುತ್ತಿದ್ದೇನೆ. 2011ರ ನಮೂನೆ ಮತ್ತು ಅದರ ವ್ಯಾಖ್ಯೆಗಳನ್ನೇ ಆಧಾರವಾಗಿ ಇಟ್ಟುಕೊಂಡಿದ್ದೇನೆ.

ಮೊದಲಿಗೆ, ಗಣತಿ ಕೇಳುವುದು ಇವತ್ತು ಏನು ಮಾಡುತ್ತಿದ್ದೀರಿ ಎಂದಲ್ಲ. ಗಣತಿದಾರರು ಮನೆಗೆ ಬಂದ ದಿನದಿಂದ ಹಿಂದಕ್ಕೆ ಪೂರ್ತಿ ಒಂದು ವರ್ಷದಲ್ಲಿ ಯಾವಾಗಲಾದರೂ ಕೆಲಸ ಮಾಡಿದ್ದೀರಾ ಎಂದು. ಆರು ತಿಂಗಳು, ಲೆಕ್ಕಕ್ಕೆ 183 ದಿನ, ಅಥವಾ ಅದಕ್ಕಿಂತ ಹೆಚ್ಚು ದುಡಿದವರು ಮುಖ್ಯ ಕೆಲಸಗಾರರು. ಅದಕ್ಕಿಂತ ಕಡಿಮೆ ದುಡಿದವರು ಅಲ್ಪಾವಧಿ ಕೆಲಸಗಾರರು. ಈ ಅಲ್ಪಾವಧಿಯವರನ್ನು 2011ರಲ್ಲಿ ಮೂರರಿಂದ ಆರು ತಿಂಗಳು ದುಡಿದವರು, ಮೂರು ತಿಂಗಳೊಳಗೆ ದುಡಿದವರು ಎಂದು ಎರಡಾಗಿ ಒಡೆದರು. ವರ್ಷವಿಡೀ ಏನೂ ಮಾಡದವರಷ್ಟೇ ಕೆಲಸಗಾರರಲ್ಲದವರು. ಕೂಲಿ, ಸಂಬಳ, ಲಾಭ ಬರಲೇಬೇಕೆಂಬ ನಿಯಮವಿಲ್ಲ. ಸ್ವಂತ ಹೊಲದಲ್ಲಿ, ಮನೆಯ ಅಂಗಡಿಯಲ್ಲಿ ಪುಕ್ಕಟೆ ಕೈಹಚ್ಚಿದ್ದೂ ಕೆಲಸವೇ, ಅರೆಹೊತ್ತು ದುಡಿದದ್ದೂ ಕೆಲಸವೇ. ಮನೆಗೆ ಉಣ್ಣಲಷ್ಟೇ ಜೋಳ ಬೆಳೆದರೂ, ಮನೆಮಂದಿ ಕುಡಿಯಲಷ್ಟೇ ಹೈನ ಮಾಡಿದರೂ ಅದು ಆರ್ಥಿಕ ಚಟುವಟಿಕೆ. ತನ್ನ ಮನೆಯ ಅಡುಗೆ, ಕಸ ಮುಸುರೆ, ನೀರು ಹೊರುವುದು, ಮಕ್ಕಳನ್ನು ನೋಡಿಕೊಳ್ಳುವುದು ಮಾತ್ರ ಈ ವ್ಯಾಖ್ಯೆಯ ಹೊರಗಿವೆ. ಅದೇ ಅಡುಗೆಯನ್ನು ಇನ್ನೊಬ್ಬರ ಮನೆಯಲ್ಲಿ ಪಗಾರಕ್ಕೆ ಮಾಡಿದರೆ ಅದು ಕೆಲಸದೊಳಗೆ ಬರುತ್ತದೆ. ಈ ಗೆರೆ ನ್ಯಾಯವೇ ಎಂಬ ವಾದ ಬಹಳ ಹಳೆಯದು, ನನಗೂ ಅದು ಒಪ್ಪಿಗೆಯಿಲ್ಲ. ಆದರೆ ಇರುವ ಗೆರೆಯ ಒಳಗೇ ಬರಬೇಕಾದ ದುಡಿಮೆ ಕೈಬಿಟ್ಟುಹೋಗುತ್ತಿರುವುದು ಇನ್ನೂ ದೊಡ್ಡ ನಷ್ಟ.

ಅದು ಬಿಟ್ಟುಹೋಗುವುದು ಪ್ರಶ್ನೆ ಕೇಳುವ ರೀತಿಯಲ್ಲಿ. ಗಣತಿದಾರರು ಬಾಗಿಲಲ್ಲಿ ನಿಂತು ಯಜಮಾನನನ್ನು "ನಿಮ್ಮ ಮನ್ಯಾಗ ಹೆಣ್ಮಕ್ಕಳು ಏನರ ಕೆಲಸ ಮಾಡ್ತಾರೇನ್ರೀ?" ಎಂದು ಕೇಳಿದರೆ "ಏನಿಲ್ರೀ, ಮನ್ಯಾಗೇ ಇರ್ತಾರ" ಎಂಬ ಉತ್ತರ ಸಿದ್ಧವಾಗಿರುತ್ತದೆ. ಆ ಒಂದು ಮಾತಿಗೆ ತೊಗರಿ ಹೊಲದ ಕಸ ತೆಗೆದವಳು, ಹತ್ತಿ ಬಿಡಿಸಿದವಳು, ಎಮ್ಮೆ ಹಿಂಡಿದವಳು ಎಲ್ಲರೂ "ಮನೆಗೆಲಸ" ಎಂಬ ಸಂಕೇತದಡಿ ಹೋಗಿಬಿಡುತ್ತಾರೆ. ಇದು ಬರೀ ಊಹೆಯಲ್ಲ. 1971ರ ಗಣತಿಯಲ್ಲಿ ಮೊದಲಿಗೆ ಪ್ರತಿಯೊಬ್ಬರ ಪ್ರಧಾನ ಚಟುವಟಿಕೆ ಯಾವುದೆಂದು ಕೇಳುವ ಪದ್ಧತಿ ತಂದರು. 1961ರಲ್ಲಿ ದೇಶದ ಮಹಿಳೆಯರಲ್ಲಿ ಸುಮಾರು ಶೇ 28ರಷ್ಟಿದ್ದ ಕೆಲಸಗಾರರ ಪಾಲು ಒಮ್ಮೆಗೇ ಅರ್ಧಕ್ಕೆ ಇಳಿಯಿತು. ಹತ್ತು ವರ್ಷದಲ್ಲಿ ದೇಶದ ಅರ್ಧದಷ್ಟು ದುಡಿಯುವ ಹೆಂಗಸರು ಹೊಲ ಬಿಟ್ಟು ಮನೆ ಸೇರಿರಲಿಲ್ಲ. ಪ್ರಶ್ನೆ ಬದಲಾಗಿತ್ತು ಅಷ್ಟೇ. 1981ರಲ್ಲಿ ಮುಖ್ಯ, ಅಲ್ಪಾವಧಿ ಎಂಬ ವಿಂಗಡಣೆ ಬಂತು. 1991ರಲ್ಲಿ "ಹೊಲದಲ್ಲಿ ಅಥವಾ ಮನೆತನದ ಉದ್ಯಮದಲ್ಲಿ ಕೂಲಿಯಿಲ್ಲದೆ ಮಾಡಿದ ಕೆಲಸವೂ ಸೇರಿ" ಎಂಬ ಮಾತನ್ನು ಪ್ರಶ್ನೆಯಲ್ಲಿಯೇ ಸೇರಿಸಿದರು. 2011ರ ಹೊತ್ತಿಗೆ ದೇಶದ ಮಹಿಳೆಯರಲ್ಲಿ ಕೆಲಸಗಾರರ ಪಾಲು ಶೇ 25.5, ಕರ್ನಾಟಕದಲ್ಲಿ ಶೇ 31.9. ಪುರುಷರದು ಕ್ರಮವಾಗಿ ಶೇ 53.3 ಮತ್ತು 59. ಈ ಅಂತರದಲ್ಲಿ ಎಷ್ಟು ನಿಜವಾದದ್ದು, ಎಷ್ಟು ಕೇಳದೇ ಬಿಟ್ಟದ್ದು ಎಂಬುದೇ ಪ್ರಶ್ನೆ.

ಇದಕ್ಕೆ ನಮ್ಮ ಭಾಗದಲ್ಲಿ ಸುಲಭದ ಉಪಾಯವಿದೆ. ತಿಂಗಳ ಲೆಕ್ಕದಲ್ಲಿ ಕೇಳಬೇಡಿ, ಹಬ್ಬದ ಲೆಕ್ಕದಲ್ಲಿ ಕೇಳಿ. ಜನವರಿಯಿಂದ ಡಿಸೆಂಬರ್‌ವರೆಗೆ ಎಂದರೆ ಯಾರಿಗೂ ನೆನಪಾಗದ ದುಡಿಮೆ ಕಾರಹುಣ್ಣಿಮೆ, ನಾಗರಪಂಚಮಿ ಎಂದರೆ ತಾನಾಗಿ ಬಾಯಿಗೆ ಬರುತ್ತದೆ. ಕಾರಹುಣ್ಣಿಮೆಯ ಆಸುಪಾಸಿನಲ್ಲಿ ಬಿತ್ತನೆಗೆ ಹೋಗಿದ್ದಿರೇನು? ಪಂಚಮಿಯ ಹಿಂದೆ ಮುಂದೆ ಕಸ ತೆಗೆಯಲು, ಹೆಸರು ಉದ್ದು ಬಿಡಿಸಲು? ದಸರಾದಿಂದ ದೀಪಾವಳಿಯ ತನಕ ಸೋಯಾ ರಾಶಿ, ಹಿಂಗಾರಿ ಬಿತ್ತನೆ, ಹತ್ತಿ? ಎಳ್ಳ ಅಮಾವಾಸ್ಯೆಯಿಂದ ಶಿವರಾತ್ರಿಯೊಳಗೆ ತೊಗರಿ ಕೊಯ್ಲು, ರಾಶಿ, ಕಡಲೆ, ಬಿಳಿಜೋಳ? ಮನೆಯಲ್ಲಿ ಎಮ್ಮೆ, ಆಡು, ಕುರಿ ಇದ್ದರೆ ನೋಡಿಕೊಳ್ಳುವವರು ಯಾರು? ಈ ಐದು ಪ್ರಶ್ನೆಗೆ ಒಬ್ಬರಿಗೆ ಎರಡು ಮೂರು ನಿಮಿಷ ಹಿಡಿಯಬಹುದು. ಕೇಳಬೇಕಾದದ್ದು ಯಜಮಾನನನ್ನಲ್ಲ, ಆಕೆಯನ್ನೇ. ಮನೆಯಲ್ಲಿ ಆಕೆ ಇಲ್ಲದಿದ್ದರೆ, ಹೊಲಕ್ಕೆ ಹೋಗಿದ್ದಾಳೆ ಎಂಬ ಉತ್ತರ ಬಂದರೆ, ಮೊದಲ ಪ್ರಶ್ನೆಯ ಉತ್ತರ ಅಲ್ಲಿಯೇ ಸಿಕ್ಕಿದಂತೆ. ದಿನಗಳ ಲೆಕ್ಕಕ್ಕೆ ಮಾತ್ರ ಸಂಜೆ ಇನ್ನೊಮ್ಮೆ ಬರಬೇಕು.

ಒಂದು ಲೆಕ್ಕ ಹಾಕಿ ನೋಡೋಣ. ಆಳಂದ, ಅಫಜಲಪುರದ ಕಡೆಯ ಸಣ್ಣ ಹಿಡುವಳಿಯ ಮನೆ ಎಂದಿಟ್ಟುಕೊಳ್ಳಿ. ಮನೆಯ ಸೊಸೆ ಸ್ವಂತ ಹೊಲದಲ್ಲಿ ಬಿತ್ತನೆಗೆ 8 ದಿನ, ಕಸ ತೆಗೆಯಲು 35, ಹೆಸರು ಉದ್ದು ಬಿಡಿಸಲು 12, ತೊಗರಿ ಕೊಯ್ಲು ಮತ್ತು ರಾಶಿಗೆ 25, ಕಡಲೆ ಕೀಳಲು 10, ಜೋಳಕ್ಕೆ 15 ದಿನ ಹೋಗಿದ್ದಾಳೆ. ಒಟ್ಟು 105. ಇದರ ಜತೆಗೆ ಇನ್ನೊಬ್ಬರ ಹೊಲದಲ್ಲಿ 30 ದಿನ ಕೂಲಿ ಮಾಡಿದ್ದಾಳೆ. 135 ದಿನವಾಯಿತು. ಬೇರೆ ಬೇರೆ ಕೆಲಸದ ದಿನಗಳನ್ನು ಕೂಡಬೇಕು ಎಂಬುದನ್ನು ಗಣತಿದಾರರು ಮರೆಯಬಾರದು. ಮುಖ್ಯವೋ ಅಲ್ಪಾವಧಿಯೋ ಎಂಬುದು ಒಟ್ಟು ದುಡಿಮೆಯ ಮೇಲೆ ನಿಲ್ಲುತ್ತದೆ. ಇಲ್ಲಿಗೆ ಆಕೆ ಮೂರರಿಂದ ಆರು ತಿಂಗಳ ಅಲ್ಪಾವಧಿ ಕೆಲಸಗಾರಳು. ಕೊಟ್ಟಿಗೆಯಲ್ಲಿ ಹಿಂಡುವ ಎಮ್ಮೆ ಇದ್ದು, ಅದರ ಮೇವು, ಹಾಲು ಆಕೆಯ ಪಾಲಿಗೇ ಇದ್ದರೆ, ಹೊಲಕ್ಕೆ ಹೋಗದ ದಿನಗಳಲ್ಲೂ ಆಕೆ ದುಡಿದಿದ್ದಾಳೆ. ಹೊಲಕ್ಕೆ ಹೋದ ದಿನವನ್ನೇ ಎಮ್ಮೆಯ ಹೆಸರಲ್ಲಿ ಮತ್ತೆ ಎಣಿಸಬಾರದು, ಉಳಿದ ದಿನಗಳನ್ನಷ್ಟೇ ಕೂಡಬೇಕು. ಹಾಗೆ ಕೂಡಿದರೂ 183 ದಾಟುತ್ತದೆ. ಯಜಮಾನನ ಬಾಯಲ್ಲಿ "ಮನ್ಯಾಗೇ ಇರ್ತಾಳ" ಎಂದಾದವಳು ಮುಖ್ಯ ಕೆಲಸಗಾರಳಾದಳು.

ಕೆಲಸಗಾರರೆಂದು ತೀರ್ಮಾನವಾದ ಮೇಲೆ ಅವರನ್ನು ನಾಲ್ಕರಲ್ಲಿ ಒಂದು ವರ್ಗಕ್ಕೆ ಸೇರಿಸುತ್ತಾರೆ: ಸಾಗುವಳಿದಾರ, ಕೃಷಿ ಕೂಲಿಕಾರ, ಗೃಹ ಕೈಗಾರಿಕೆ, ಇತರೆ. ಎರಡು ಮೂರು ಕೆಲಸ ಮಾಡಿದವರನ್ನು ಹೆಚ್ಚು ಸಮಯ ಹಿಡಿದ ಕೆಲಸದ ವರ್ಗಕ್ಕೆ ಹಾಕಬೇಕು, ಹೆಚ್ಚು ದುಡ್ಡು ತಂದ ಕೆಲಸಕ್ಕಲ್ಲ. ಸಾಗುವಳಿದಾರನಾಗಲು ಪಹಣಿಯಲ್ಲಿ ಹೆಸರಿರಬೇಕಿಲ್ಲ. ಲಾವಣಿಗೆ ಅಂದರೆ ಗುತ್ತಿಗೆಗೆ ಹಿಡಿದು ಮಾಡುವವನು, ಪಾಲಿಗೆ ಮಾಡುವವನು ಸಾಗುವಳಿದಾರನೇ, ಬೆಳೆ ಹೋದರೆ ನಷ್ಟ ಅವನದೇ. ಹೊಲ ಲಾವಣಿಗೆ ಕೊಟ್ಟು ಕಲಬುರಗಿಯ ಬಡಾವಣೆಯಲ್ಲಿ ಮನೆ ಮಾಡಿಕೊಂಡು, ಬಿತ್ತನೆ ಕೊಯ್ಲಿನ ಉಸ್ತುವಾರಿಗೂ ಹೋಗದ ಮಾಲೀಕ ಸಾಗುವಳಿದಾರನಲ್ಲ. ಬೇರೆ ಕೆಲಸ ಇಲ್ಲದಿದ್ದರೆ ಅವನು ಬಾಡಿಗೆ, ಗುತ್ತಿಗೆಯ ಆದಾಯದಲ್ಲಿ ಇರುವ, ಕೆಲಸಗಾರನಲ್ಲದ ವ್ಯಕ್ತಿ. ಈ ಮಾತು ಹೇಳಿಸಿಕೊಳ್ಳಲು ಅನೇಕರಿಗೆ ಮನಸ್ಸು ಒಪ್ಪುವುದಿಲ್ಲ, "ಒಕ್ಕಲುತನ" ಎಂದೇ ಬರೆಸುತ್ತಾರೆ. ಲಾವಣಿಗೆ ಹಿಡಿದವನು ಇತ್ತ ಹೆದರಿ "ಕೂಲಿ" ಎನ್ನುತ್ತಾನೆ, ಸಾಗುವಳಿ ಮಾಡುತ್ತೇನೆಂದು ಬರೆಸಿದರೆ ಮಾಲೀಕ ಹೊಲ ಬಿಡಿಸಿಕೊಂಡಾನು ಎಂಬ ಅಂಜಿಕೆ. ಎರಡೂ ಉತ್ತರ ಸೇರಿ ಊರಿನ ಚಿತ್ರ ತಿರುವುಮುರುವಾಗುತ್ತದೆ. ವರ್ಷಕ್ಕೆ ಇಷ್ಟು ಎಂದು ಗೊತ್ತು ಮಾಡಿಕೊಂಡು ದುಡಿಯುವ ವರ್ಷದಾಳು ಮಾತ್ರ ಕೃಷಿ ಕೂಲಿಕಾರನೇ, ಹೊಲದ ಪೂರ್ತಿ ಜವಾಬ್ದಾರಿ ಅವನ ಮೇಲಿದ್ದರೂ.

ಗೃಹ ಕೈಗಾರಿಕೆಯ ನಿಯಮ ಊರಿಗೂ ಪೇಟೆಗೂ ಬೇರೆ ಬೇರೆ. ಹಳ್ಳಿಯಲ್ಲಾದರೆ ಮನೆಯಲ್ಲಿ ಅಥವಾ ಊರೊಳಗೆ ಎಲ್ಲೇ ನಡೆದರೂ ಸರಿ. ಪಟ್ಟಣದಲ್ಲಿ ಮನೆಯ ಆವರಣದೊಳಗೇ ನಡೆಯಬೇಕು. ಮನೆಯವರು ಅದರಲ್ಲಿ ದುಡಿಯಬೇಕು, ನೋಂದಾಯಿತ ಕಾರ್ಖಾನೆಯ ಪ್ರಮಾಣದ್ದಾಗಿರಬಾರದು. ಕೊಂಡು ಮಾರುವುದಷ್ಟೇ ಸಾಲದು, ತಯಾರಿಕೆಯೋ ಸಂಸ್ಕರಣೆಯೋ ದುರಸ್ತಿಯೋ ಇರಬೇಕು. ಆದ್ದರಿಂದ ಬೀದರ್ ಪಟ್ಟಣದಲ್ಲಿ ತನ್ನ ಮನೆಯ ಪಡಸಾಲೆಯಲ್ಲಿ ಕೂತು ಬಿದ್ರಿ ಕೆತ್ತುವವನು ಗೃಹ ಕೈಗಾರಿಕೆಯಲ್ಲಿ ಬರುತ್ತಾನೆ. ಅದೇ ಕೆಲಸವನ್ನು ಬೇರೆಯವರ ಕಾರ್ಯಾಗಾರದಲ್ಲಿ ಮಾಡುವವನು "ಇತರೆ". ಮನೆಯಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಮಾಡಿ ಅಂಗಡಿಗೆ ಹಾಕುವ ಹೆಂಗಸರು, ಕೌದಿ ಹೊಲಿದು ಕೊಡುವವರು, ಹೊಲಿಗೆ ಯಂತ್ರ ಇಟ್ಟುಕೊಂಡವರು ಎಲ್ಲರೂ ಗೃಹ ಕೈಗಾರಿಕೆಯವರು. ಕಲಬುರಗಿಯ ರೊಟ್ಟಿ ಇವತ್ತು ದೂರದ ಊರುಗಳಿಗೂ ಹೋಗುತ್ತದೆ. ಅದನ್ನು ತಟ್ಟುವವರ ಹೆಸರಿನ ಮುಂದೆ ಮನೆಗೆಲಸ ಎಂದು ಬಿದ್ದರೆ ಆ ಉದ್ಯೋಗ ಲೆಕ್ಕದಲ್ಲಿ ಇಲ್ಲವೇ ಇಲ್ಲ.

ಗೃಹ ಕೈಗಾರಿಕೆ ಮತ್ತು "ಇತರೆ"ಯವರಿಗೆ ಮುಂದೆ ಇನ್ನೂ ಮೂರು ವಿಷಯ ಬರೆಯಬೇಕು. ವ್ಯಕ್ತಿ ಮಾಡುವ ಕೆಲಸ ಯಾವುದು, ಅವನು ದುಡಿಯುವ ಜಾಗದಲ್ಲಿ ನಡೆಯುವ ಉದ್ಯಮ ಯಾವುದು, ಅವನು ಮಾಲೀಕನೋ ನೌಕರನೋ ಒಂಟಿಯಾಗಿ ದುಡಿಯುವವನೋ ಮನೆತನದ ಉದ್ಯಮದಲ್ಲಿ ಕೂಲಿಯಿಲ್ಲದೆ ದುಡಿಯುವವನೋ. ಮೊದಲ ಎರಡರಲ್ಲಿ ಗಲಿಬಿಲಿ ಬಹಳ. ಸೇಡಂ ಕಡೆಯ ಸಿಮೆಂಟ್ ಕಾರ್ಖಾನೆಯ ಲಾರಿ ಓಡಿಸುವವನ ಕೆಲಸ ಚಾಲಕನದು, ಉದ್ಯಮ ಸಿಮೆಂಟ್ ತಯಾರಿಕೆ. ದಾಲ್‌ಮಿಲ್ಲಿನಲ್ಲಿ ಲೆಕ್ಕ ಬರೆಯುವವನ ಕೆಲಸ ಗುಮಾಸ್ತಿಕೆ, ಉದ್ಯಮ ಬೇಳೆ ತಯಾರಿಕೆ. ಎರಡೂ ಕಡೆ "ಸಿಮೆಂಟ್ ಫ್ಯಾಕ್ಟರಿ", "ದಾಲ್‌ಮಿಲ್" ಎಂದೇ ಬರೆದರೆ ಮುಂದೆ ಸಂಕೇತ ಹಾಕುವವರಿಗೆ ಆ ಮನುಷ್ಯ ಏನು ಮಾಡುತ್ತಾನೆಂದು ತಿಳಿಯಲು ದಾರಿಯೇ ಇರುವುದಿಲ್ಲ.

ಶಹಾಬಾದ್, ಚಿತ್ತಾಪುರದ ಭಾಗದಲ್ಲಿ "ಕಲ್ಲಿನ ಕೆಲಸ" ಎಂಬ ಉತ್ತರಕ್ಕೆ ತೃಪ್ತರಾಗಬಾರದು. ಖಣಿಯಲ್ಲಿ ಪರಸಿ ಅಂದರೆ ನೆಲಹಾಸಿನ ಕಲ್ಲು ಎಬ್ಬಿಸುವುದು ರಾಷ್ಟ್ರೀಯ ಕೈಗಾರಿಕಾ ವರ್ಗೀಕರಣದಲ್ಲಿ ಗಣಿಗಾರಿಕೆಗೆ ಸೇರುತ್ತದೆ. ಅದೇ ಕಲ್ಲನ್ನು ಯಂತ್ರಕ್ಕೆ ಹಾಕಿ ಕತ್ತರಿಸಿ ಪಾಲಿಶ್ ಮಾಡುವುದು ತಯಾರಿಕೆ. ಮನೆಗೆ ತಂದು ನೆಲಕ್ಕೆ ಕೂರಿಸುವುದು ಕಟ್ಟಡ ನಿರ್ಮಾಣ. ಒಂದೇ ಕಲ್ಲು, ಮೂರು ಉದ್ಯಮ. ತೊಗರಿಯದೂ ಹಾಗೆಯೇ: ಹೊಲದಲ್ಲಿ ಕೊಯ್ಯುವವನು ಕೃಷಿಯಲ್ಲಿ, ಮಿಲ್ಲಿನಲ್ಲಿ ಬೇಳೆ ಒಡೆಯುವವನು ತಯಾರಿಕೆಯಲ್ಲಿ, ಗಂಜಿನ ಅಂದರೆ ಧಾನ್ಯ ಮಾರುಕಟ್ಟೆಯ ಅಡತಿ ಅಂಗಡಿಯ ಮುನೀಮ ಸಗಟು ವ್ಯಾಪಾರದಲ್ಲಿ. "ಖಾಸಗಿ ನೌಕರಿ", "ವ್ಯಾಪಾರ", "ಕೂಲಿ" ಎಂಬ ಮೂರು ಪದಗಳನ್ನು ತರಬೇತಿಯಲ್ಲಿಯೇ ನಿಷೇಧಿಸಬೇಕೆಂದು ನನ್ನ ಒತ್ತಾಯ. ಈ ಸಲ ಮೊಬೈಲ್‌ನಲ್ಲಿ ಗಣತಿ. ಬೇಕಾದ ಆಯ್ಕೆ ಬೇಗ ಸಿಗದಿದ್ದಾಗ ಹತ್ತಿರದ ಯಾವುದನ್ನೋ ಒತ್ತಿ ಮುಂದೆ ಹೋಗುವ ಆಸೆ ಕಾಗದದ ಕಾಲಕ್ಕಿಂತ ಈಗ ಹೆಚ್ಚು.

ನಮ್ಮ ಭಾಗದ ಇನ್ನೊಂದು ದೊಡ್ಡ ಸೋರಿಕೆ ಗುಳೆ. ಗಣತಿ ಬರುವುದು ಫೆಬ್ರವರಿಯಲ್ಲಿ. ಆ ಹೊತ್ತಿಗೆ ತೊಗರಿ ರಾಶಿ ಮುಗಿದು ತಾಂಡಾಗಳಲ್ಲಿ, ಹಳ್ಳಿಗಳಲ್ಲಿ ಅರ್ಧ ಬಾಗಿಲಿಗೆ ಕೀಲಿ ಬಿದ್ದಿರುತ್ತದೆ. ಜನ ಬೆಂಗಳೂರು, ಹೈದರಾಬಾದ್, ಪುಣೆ, ಮುಂಬೈಗೆ ಹೋಗಿರುತ್ತಾರೆ, ಕಬ್ಬು ಕಡಿಯುವವರು ಇನ್ನೂ ಕಾರ್ಖಾನೆಗಳ ಸೀಮೆಯಲ್ಲೇ ಇರುತ್ತಾರೆ. ಎಣಿಕೆಯ ಅವಧಿ ಪೂರ್ತಿ ಊರಲ್ಲಿ ಇರದವರನ್ನು ಊರಲ್ಲಿ ಎಣಿಸುವಂತಿಲ್ಲ, ಅವರು ಇರುವಲ್ಲಿಯೇ ಎಣಿಸಬೇಕು ಎಂಬುದು 2011ರ ನಿಯಮ. ಊರಲ್ಲಿ ಉಳಿದ ಮುದುಕ "ಮಗ ಸೊಸಿ ನಮ್ಮವರೇ, ಬರೀರಿ" ಎಂದರೆ ಗಣತಿದಾರರು ನಯವಾಗಿ ಇಲ್ಲ ಎನ್ನಬೇಕು. ಆದರೆ ಬೆಂಗಳೂರಿನ ಕಟ್ಟಡದ ಶೆಡ್ಡಿಗೆ ಅಲ್ಲಿನ ಗಣತಿದಾರರು ಹೋಗದಿದ್ದರೆ ಆ ಕುಟುಂಬ ಎರಡೂ ಕಡೆ ಇಲ್ಲ. ಹೋದರೂ ಇನ್ನೊಂದು ತಪ್ಪು ಕಾದಿರುತ್ತದೆ: ಎದುರಿಗೆ ಇಟ್ಟಿಗೆ ಹೊರುತ್ತಿರುವವನನ್ನು ಕಂಡು ಕಟ್ಟಡ ಕಾರ್ಮಿಕ ಎಂದು ಬರೆದುಬಿಡುವುದು. ಅವನು ಕಳೆದ ವರ್ಷದಲ್ಲಿ ಐದು ತಿಂಗಳು ಸುರಪುರದ ತನ್ನ ಹೊಲದಲ್ಲಿ, ನಾಲ್ಕು ತಿಂಗಳು ಇಲ್ಲಿ ದುಡಿದಿದ್ದರೆ ಅವನು ಮುಖ್ಯ ಕೆಲಸಗಾರ, ವರ್ಗ ಸಾಗುವಳಿದಾರ. ಗುಳೆ ಹೋಗುವ ಕುಟುಂಬಗಳಿಗೆ ಪಂಚಾಯಿತಿಯವರು ಸಂಕ್ರಾಂತಿಯ ಹೊತ್ತಿಗೇ ಒಂದು ಮಾತು ಹೇಳಿ ಕಳಿಸಬೇಕು: ನೀವು ಇರುವಲ್ಲಿಯೇ ಎಣಿಸಿಕೊಳ್ಳಿ, ವರ್ಷವಿಡೀ ಮಾಡಿದ್ದನ್ನೆಲ್ಲ ಹೇಳಿ. ಮೂಲ ಊರು, ಬಂದ ಕಾರಣ ಕೇಳುವ ಪ್ರಶ್ನೆಗಳೂ ಅದೇ ನಮೂನೆಯಲ್ಲಿ ಇದ್ದವು. ಗುಳೆಯ ನಿಜವಾದ ಅಳತೆ ಸಿಗುವುದು ಅಲ್ಲಿಂದಲೇ.

ಡಿಗ್ರಿ ಮುಗಿಸಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವ ಮಕ್ಕಳ ವಿಷಯದಲ್ಲಿ ಎಚ್ಚರ ಬೇಕು. ಅಲ್ಪಾವಧಿ ಕೆಲಸಗಾರರಿಗೂ ಕೆಲಸಗಾರರಲ್ಲದವರಿಗೂ "ಕೆಲಸ ಹುಡುಕುತ್ತಿದ್ದೀರಾ, ಸಿಕ್ಕರೆ ಮಾಡಲು ಸಿದ್ಧರಿದ್ದೀರಾ" ಎಂಬ ಪ್ರಶ್ನೆ ಇರುತ್ತದೆ. ನಾಚಿಕೆಗೆ "ಇಲ್ಲ" ಎಂದರೆ ಈ ಭಾಗದ ನಿರುದ್ಯೋಗ ಕಾಗದದಲ್ಲಿ ಕರಗಿಹೋಗುತ್ತದೆ. ಅಪ್ಪನ ಕಿರಾಣಿ ಅಂಗಡಿಯಲ್ಲಿ ದಿನಾ ಎರಡು ತಾಸು ಕೂತಿದ್ದರೆ ಅದನ್ನೂ ಹೇಳಬೇಕು.

ಹೇಳದಿರಲು ಜನರಿಗೆ ಇರುವ ದೊಡ್ಡ ಕಾರಣ ಹೆದರಿಕೆ. ಹೆಂಡತಿ ದುಡಿಯುತ್ತಾಳೆ ಎಂದು ಬರೆಸಿದರೆ ಗೃಹಲಕ್ಷ್ಮಿಯ ಎರಡು ಸಾವಿರ ನಿಲ್ಲುತ್ತದೆ, ಬಿಪಿಎಲ್ ಕಾರ್ಡು ಹೋಗುತ್ತದೆ, ಅವ್ವನ ಪಿಂಚಣಿ ರದ್ದಾಗುತ್ತದೆ ಎಂದು. ಮಕ್ಕಳು ಹತ್ತಿ ಬಿಡಿಸಲು ಹೋದದ್ದನ್ನೂ ಇದೇ ಕಾರಣಕ್ಕೆ ಮುಚ್ಚಿಡುತ್ತಾರೆ. 1948ರ ಜನಗಣತಿ ಕಾಯ್ದೆಯ 15ನೇ ಕಲಂ ಪ್ರಕಾರ ವ್ಯಕ್ತಿಯ ಗಣತಿ ದಾಖಲೆಯನ್ನು ಯಾರೂ ನೋಡುವಂತಿಲ್ಲ, ನ್ಯಾಯಾಲಯದಲ್ಲಿ ಸಾಕ್ಷ್ಯವಾಗಿ ತರುವಂತಿಲ್ಲ. ಈ ಮಾತನ್ನು ಗಣತಿದಾರರು ದುಡಿಮೆಯ ಪ್ರಶ್ನೆಗೆ ಮೊದಲೇ ಹೇಳಬೇಕು, ಜಗಳ ಬಂದ ಮೇಲಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಶುರುವಾದ ರಾಜ್ಯದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಯಲ್ಲಿ "ಎಲ್ಲಾ ಹೇಳೀವಲ್ಲ" ಎನ್ನುವವರಿಗೆ ಅದು ಬೇರೆ, ಇದು ಬೇರೆ ಎಂದು ತಿಳಿಸಿ ಹೇಳಬೇಕು.

ಸ್ವಯಂ ಗಣತಿಯ ಅವಕಾಶವೂ ಈ ಸಲ ಇದೆ. ಒಳ್ಳೆಯದೇ, ಆದರೆ ಅದನ್ನು ತುಂಬುವವರು ಬಹುಪಾಲು ಓದಿದ ಮಗನೋ ಮಗಳೋ ಆಗಿರುತ್ತಾರೆ. ಅವ್ವನ ಹೆಸರಿನ ಮುಂದೆ "ಗೃಹಿಣಿ" ಎಂದು ಒತ್ತುವ ಮುನ್ನ ಆಕೆ ಕಳೆದ ವರ್ಷ ಏನೇನು ಮಾಡಿದಳು ಎಂದು ಆಕೆಯನ್ನೇ ಕೇಳಿ ತುಂಬಲಿ.

ಇಷ್ಟೆಲ್ಲ ಏಕೆಂದರೆ, ಊರೂರಿನ ದುಡಿಮೆಯ ಲೆಕ್ಕ ಗಣತಿಯಿಂದ ಮಾತ್ರ ಸಿಗುತ್ತದೆ. ರಾಷ್ಟ್ರೀಯ ಸಾಂಖ್ಯಿಕ ಕಚೇರಿ 2017ರಿಂದ ನಡೆಸುತ್ತಿರುವ ಕಾರ್ಮಿಕ ಬಲದ ಸಮೀಕ್ಷೆ ಈಗ ತಿಂಗಳಿಗೊಮ್ಮೆ ಅಂಕಿ ಕೊಡುತ್ತದೆ, ಪ್ರಶ್ನೆಗಳೂ ಆಳವಾಗಿವೆ, ಕೂಲಿಯ ಮೊತ್ತವನ್ನೂ ಕೇಳುತ್ತದೆ. ಆದರೆ ಅದು ಮಾದರಿ ಸಮೀಕ್ಷೆ. ಚಿಂಚೋಳಿಯ ಒಂದು ಹಳ್ಳಿಯಲ್ಲಿ ದುಡಿಯುವ ತಾಯಂದಿರು ಎಷ್ಟು, ಅಲ್ಲಿ ಅವರ ಮಕ್ಕಳನ್ನು ನೋಡಿಕೊಳ್ಳುವ ಕೂಸಿನ ಮನೆ ಬೇಕೋ ಬೇಡವೋ ಎಂಬುದನ್ನು ಅದು ಹೇಳಲಾರದು. ಅದರ ವ್ಯಾಖ್ಯೆಗಳೂ ಬೇರೆ: ವಾರದ ಲೆಕ್ಕದಲ್ಲಿ ಏಳು ದಿನದಲ್ಲಿ ಒಂದು ತಾಸು ದುಡಿದರೂ ಸಾಕು, ವರ್ಷದ ಲೆಕ್ಕದಲ್ಲಿ ಪೂರಕ ಕೆಲಸಕ್ಕೆ 30 ದಿನವಾದರೂ ಆಗಬೇಕು. ಗಣತಿಯ ಅಂಕಿಯನ್ನೂ ಅದನ್ನೂ ಒಂದರ ಪಕ್ಕ ಒಂದಿಟ್ಟು ಉದ್ಯೋಗ ಏರಿತು, ಇಳಿಯಿತು ಎಂದು ಬರೆಯುವುದನ್ನು ಪತ್ರಿಕೆಗಳೂ ನಿಲ್ಲಿಸಬೇಕು.

ಹೋಲಿಕೆಯ ಮಾತು ಬಂದಿದ್ದರಿಂದ ಇನ್ನೊಂದು. 2011ರಲ್ಲಿ ಕಮಲಾಪುರ, ಕಾಳಗಿ, ಶಹಾಬಾದ್, ಯಡ್ರಾಮಿ, ಹುಲಸೂರ, ಕಮಲನಗರ, ಚಿಟಗುಪ್ಪ, ವಡಗೇರಾ, ಹುಣಸಗಿ, ಗುರುಮಠಕಲ್ ತಾಲ್ಲೂಕುಗಳು ಇರಲಿಲ್ಲ. ಯಾದಗಿರಿ ಜಿಲ್ಲೆಯಾದದ್ದೇ 2009ರ ಡಿಸೆಂಬರ್ ಕೊನೆಯಲ್ಲಿ. ಹೊಸ ಅಂಕಿ ಬಂದಾಗ ಹಳೆಯ ತಾಲ್ಲೂಕಿನ ಪಕ್ಕ ಹೊಸ ತಾಲ್ಲೂಕನ್ನು ಇಟ್ಟರೆ ಸಾಗುವಳಿದಾರರು ಅರ್ಧಕ್ಕೆ ಇಳಿದಂತೆ ಕಾಣುತ್ತದೆ. ಜಿಲ್ಲಾ ಸಾಂಖ್ಯಿಕ ಅಧಿಕಾರಿಗಳು ಹಳ್ಳಿಗಳ ಸಂಕೇತ ಸಂಖ್ಯೆ ಹಿಡಿದು 2011ರ ಅಂಕಿಗಳನ್ನು ಈಗಿನ ಗಡಿಗಳಿಗೆ ಹೊಂದಿಸಿದ ಪಟ್ಟಿಯನ್ನು ಈಗಲೇ ಸಿದ್ಧಪಡಿಸಿ ಪ್ರಕಟಿಸಬೇಕು. ತರಬೇತಿ ಕೊಡುವವರಿಗೆ ನಮ್ಮದೊಂದು ಕೋರಿಕೆ: ದುಡಿಮೆಯ ಪ್ರಶ್ನೆಗಳಿಗೆ ಅರ್ಧ ದಿನವನ್ನಾದರೂ ಮೀಸಲಿಡಿ, ಉದಾಹರಣೆಗಳನ್ನು ಚಹಾ ತೋಟದಿಂದಲ್ಲ, ತೊಗರಿ ಹೊಲದಿಂದ, ಪರಸಿ ಖಣಿಯಿಂದ, ಗಂಜಿನಿಂದ ಕೊಡಿ. ಹಬ್ಬಗಳ ಪಟ್ಟಿಯೊಂದನ್ನು ಅಚ್ಚು ಹಾಕಿಸಿ ಪ್ರತಿ ಗಣತಿದಾರರ ಕೈಗೆ ಕೊಡಿ.

ಇಂತಿ,
ನಿವೃತ್ತ ಸಂಖ್ಯಾಶಾಸ್ತ್ರ ಅಧ್ಯಾಪಕ,
ಕಲಬುರಗಿ